ಹಾಲಿನ ನಾಳದ ಆಪರೇಷನ್ನಿಗೆ ಸಹಿ ಯಾರದು?

ಎರಡು ವರ್ಷದ ಹಿಂದೆ, ರೊಬಸ್ಟಾ ಕುಯ್ಲು ಮುಗಿಯುತ್ತಿದ್ದ ಹೊತ್ತು. ನನ್ನ ರವಿಕೆಯ ಎಡಭಾಗದಲ್ಲಿ ಎಂಟಾಣೆ ಅಗಲದ ಕಂದು ಕಲೆ ಕಾಣಿಸಿತು. ಕಾಫಿ ಹಣ್ಣಿನ ರಸ ಅಂಟಿರಬೇಕೆಂದು ಉಜ್ಜಿ ಒಗೆದು ಹಾಕಿದೆ. ಮಾರನೆಯ ದಿನ ಭಾನುವಾರ, ತೋಟಕ್ಕೆ ಹೋಗಿರಲೇ ಇಲ್ಲ. ಸಂಜೆ ನೋಡಿದರೆ ಅದೇ ಜಾಗದಲ್ಲಿ ಮತ್ತೆ ಅದೇ ಕಲೆ.

ಐದು ತಿಂಗಳು ಇದನ್ನು ಯಾರಿಗೂ ಹೇಳಲಿಲ್ಲ. ಕುಡಿದು ಬಂದು ಹೆಂಡತಿಗೆ ಹೊಡೆದವನ ಮೇಲೆ ದೂರು ಕೊಡಲು ಸಂಘದವರ ಜೊತೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳು ನಾನು. ನಿಶ್ಚಿತಾರ್ಥದ ಮನೆಗೆ ಹೋಗಿ, ಬೈಕು ಕೇಳಿದ ಗಂಡಿನ ಕಡೆಯವರ ಎದುರು ನಿಂತು ಮಾತಾಡಿದವಳು. ಆದರೆ ನನ್ನ ಮೊಲೆತೊಟ್ಟಿನಿಂದ ರಕ್ತ ಬರುತ್ತಿದೆ ಎಂದು ಪಕ್ಕದಲ್ಲಿ ಕುಳಿತ ಗೆಳತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಧೈರ್ಯ ಮಾಡಿ ಡಾಕ್ಟರ ಮುಂದೆ ಕುಳಿತಾಗಲೂ "ಎದೆಯಲ್ಲಿ ತೊಂದರೆ" ಎಂದೆ. ಅವರು ನನ್ನ ವಯಸ್ಸು ನೋಡಿ ಇಸಿಜಿ ಬರೆದುಕೊಟ್ಟರು. ಹೃದಯದ ಪಟ್ಟಿ ತೆಗೆಸಿಕೊಂಡು, ಹೃದಯ ಚೆನ್ನಾಗಿದೆ ಎಂಬ ಮಾತು ಕೇಳಿಕೊಂಡು ಮನೆಗೆ ಬಂದೆ. ತಪ್ಪು ಡಾಕ್ಟರದಲ್ಲ. ಮೊಲೆ ಎಂಬ ಶಬ್ದವನ್ನು ಹೆದರಿ ನುಂಗಿದವಳು ನಾನು. ಆದ್ದರಿಂದ ಗೆಳತಿಯರೇ, ಈ ಲೇಖನದಲ್ಲಿ ನಾನು ಎದೆ ಎಂದು ಬರೆಯುವುದಿಲ್ಲ. ಓದಲು ಮುಜುಗರವಾದವರು ಒಬ್ಬರೇ ಇರುವಾಗ ಓದಿಕೊಳ್ಳಿ, ಆದರೆ ಓದಿ.

ನಾನು ಬರೆಯಹೊರಟಿರುವುದು ಮೊಲೆಯ ಹಾಲಿನ ನಾಳವನ್ನು ತೆಗೆಯುವ ಆಪರೇಷನ್ ಬಗ್ಗೆ. ಆಪರೇಷನ್ ಎಂದೊಡನೆ ನಮ್ಮ ಆಲ್ದೂರು ಕಡೆ "ಮೊಲೆಯನ್ನೇ ಕೊಯ್ದರಂತೆ" ಎಂಬ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ. ಹಾಗೇನೂ ಅಲ್ಲ. ಇದು ಸಣ್ಣ ಆಪರೇಷನ್. ಅದನ್ನು ದೊಡ್ಡದು ಮಾಡುವುದು ನಮ್ಮ ಮನೆಗಳು. ಮಾಡಿಸಬೇಕೋ ಬೇಡವೋ, ಎಷ್ಟು ತೆಗೆಯಬೇಕು, ಖರ್ಚು ಯಾರದು, ಕಾಗದಕ್ಕೆ ಸಹಿ ಯಾರದು ಎಂಬ ಪ್ರಶ್ನೆಗಳನ್ನು ಗಂಡನಿಗೆ ಕೇಳುತ್ತಾರೆ, ಅತ್ತೆಗೆ ಕೇಳುತ್ತಾರೆ, ತವರಿನ ಅಣ್ಣನಿಗೆ ಫೋನು ಮಾಡಿ ಕೇಳುತ್ತಾರೆ. ಯಾರ ಮೈಗೆ ಚಾಕು ತಗಲುತ್ತದೋ ಅವಳನ್ನು ಬಿಟ್ಟು ಎಲ್ಲರನ್ನೂ ಕೇಳುತ್ತಾರೆ. ಕೇಳಿದಾಗ ಉತ್ತರ ಕೊಡುವಷ್ಟು ತಿಳಿವಳಿಕೆ ನಮಗಿರಬೇಕು, ಕೇಳದಿದ್ದರೂ ಹೇಳುವಷ್ಟು ಗಂಟಲು ಇರಬೇಕು ಎಂಬುದು ನನ್ನ ವಾದ.

ಮೊದಲು ವಿಷಯ ತಿಳಿಯೋಣ. ಮೊಲೆಯೊಳಗೆ ಹಾಲು ತಯಾರಾಗುವ ಗ್ರಂಥಿಗಳಿವೆ. ಅಲ್ಲಿಂದ ತೊಟ್ಟಿನವರೆಗೆ ಹಾಲು ತರುವ ಸಪೂರ ಕೊಳವೆಗಳೇ ಹಾಲಿನ ನಾಳಗಳು. ಒಂದು ಮೊಲೆಯಲ್ಲಿ ಇಂಥವು ಸುಮಾರು 15ರಿಂದ 20 ಇರುತ್ತವೆ. ಬೇರೆ ಬೇರೆ ಗದ್ದೆಗೆ ಬೇರೆ ಬೇರೆ ಕಾಲುವೆ ಇದ್ದ ಹಾಗೆ, ಒಂದು ಕಟ್ಟಿದರೆ ಉಳಿದವು ನಿಲ್ಲುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಒಂದು ನಾಳದ ಒಳಗೋಡೆಯಲ್ಲಿ ನರಹುಲಿಯಂಥ ಪುಟ್ಟ ಬೆಳವಣಿಗೆ ಆಗಬಹುದು. ಡಾಕ್ಟರುಗಳು ಅದನ್ನು ಪ್ಯಾಪಿಲೋಮ ಎನ್ನುತ್ತಾರೆ. ಅದು ರಕ್ತ ಒಸರುತ್ತದೆ. ಇನ್ನು ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಕೆಲವರಿಗೆ ತೊಟ್ಟಿನ ಹಿಂದಿನ ನಾಳಗಳು ಹಿಗ್ಗಿ ಒಳಗೆ ಗಟ್ಟಿ ದ್ರವ ಕಟ್ಟಿಕೊಂಡು ಹಸಿರಾಗಿಯೋ ಕಂದಾಗಿಯೋ ಹೊರಬರುತ್ತದೆ. ಬೀಡಿ ಸಿಗರೇಟಿನ ಹೊಗೆಗೂ ಈ ನಾಳಗಳ ಉರಿಯೂತಕ್ಕೂ ನಂಟಿದೆ. ಈ ಎರಡೂ ಕ್ಯಾನ್ಸರ್ ಅಲ್ಲ. ತೊಟ್ಟಿನಿಂದ ದ್ರವ ಬಂದವರಲ್ಲಿ ಹೆಚ್ಚಿನವರಿಗೆ ಇರುವುದು ಇಂಥದೇ ಕಾರಣ. ಆದರೆ ಕೆಲವರಲ್ಲಿ ಅದು ಕ್ಯಾನ್ಸರಿನ ಮೊದಲ ಗುರುತಾಗಿರುತ್ತದೆ. ಹೊರಗಿನಿಂದ ನೋಡಿ ಇದು ಅದು ಎಂದು ಹೇಳಲು ನಿಮ್ಮಿಂದಲೂ ಆಗದು, ನಮ್ಮ ಅಜ್ಜಿಯಂದಿರಿಂದಲೂ ಆಗದು. "ಹಾಲು ಕಟ್ಟಿ ನಂಜಾಗಿದೆ" ಎಂದು ಹೇಳಿ ಸೊಪ್ಪು ಅರೆದು ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಕಳೆದವರು ನಮ್ಮಲ್ಲಿ ಎಷ್ಟು ಜನ!

ಯಾವುದಕ್ಕೆ ಓಡಬೇಕು, ಯಾವುದಕ್ಕೆ ಓಡಬೇಕಾಗಿಲ್ಲ? ಒಂದೇ ಮೊಲೆಯಿಂದ, ತೊಟ್ಟಿನ ಒಂದೇ ತೂತಿನಿಂದ, ನೀವು ಒತ್ತದೆ ತಾನಾಗಿಯೇ ಬರುತ್ತಿದ್ದರೆ, ಅದರಲ್ಲೂ ಅದು ರಕ್ತ ಬೆರೆತಿದ್ದರೆ ಅಥವಾ ನೀರಿನ ಹಾಗೆ ತಿಳಿಯಾಗಿದ್ದರೆ, ತಡ ಮಾಡಬೇಡಿ. ಜೊತೆಗೆ ಗಂಟು ಕೈಗೆ ಸಿಕ್ಕಿದರಂತೂ ಆ ವಾರವೇ ಹೋಗಿ. ಎರಡೂ ಕಡೆಯಿಂದ ಹಾಲಿನ ಬಣ್ಣದ್ದು ಬಂದರೆ ಬಹಳ ಸಲ ಅದು ಮೊಲೆಯ ರೋಗವೇ ಅಲ್ಲ. ಥೈರಾಯಿಡ್ ಏರುಪೇರು, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ತೊಂದರೆ, ವಾಂತಿ ನಿಲ್ಲಿಸಲು ಕೊಡುವ ಡೊಂಪೆರಿಡೋನ್‌ನಂಥ ಮಾತ್ರೆ, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆ, ಇವುಗಳಿಂದಲೂ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಬದಲಿಸಿದರೆ ಮುಗಿಯಿತು, ಚಾಕು ಬೇಕಿಲ್ಲ. ಬಸುರಿಯ ಕೊನೆ ತಿಂಗಳುಗಳಲ್ಲಿ, ಹೆರಿಗೆಯಾದ ಮೊದಲ ದಿನಗಳಲ್ಲಿ ಹಾಲಿಗೆ ಸ್ವಲ್ಪ ರಕ್ತ ಬೆರೆತು ತಾನೇ ನಿಲ್ಲುವುದೂ ಉಂಟು. ನಿಲ್ಲದಿದ್ದರೆ ತೋರಿಸಿ. ಇನ್ನೊಂದು ಮಾತು. ಬರುತ್ತಿದೆಯೋ ನಿಂತಿದೆಯೋ ಎಂದು ದಿನಾ ಹಿಂಡಿ ನೋಡಬೇಡಿ. ಹಿಂಡಿದಷ್ಟೂ ಬರುತ್ತದೆ.

ನಮ್ಮ ಪತ್ರಿಕೆಯ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಒಂದು ವಿಷಯವಿದೆ. ಗಂಡ ಗುದ್ದಿದ ಜಾಗದಲ್ಲಿ ಮೊಲೆಯೊಳಗಿನ ಕೊಬ್ಬು ಸತ್ತು ಗಟ್ಟಿ ಗಂಟಾಗಬಹುದು. ಕೈಗೂ, ಕೆಲವು ಸಲ ಎಕ್ಸ್‌ರೇಗೂ ಅದು ಕ್ಯಾನ್ಸರ್ ಗಂಟಿನಂತೆಯೇ ಕಾಣುತ್ತದೆ. ಏಟಿನಿಂದ ತೊಟ್ಟಿನಲ್ಲಿ ರಕ್ತವೂ ಬರಬಹುದು. ಏಟಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ನಿಜವಲ್ಲ, ಅದಕ್ಕೆ ಹೆದರಬೇಡಿ. ಆದರೆ ಡಾಕ್ಟರ ಮುಂದೆ "ಬಾಗಿಲು ತಗುಲಿತು", "ಕಾಫಿ ಗಿಡದ ರೆಕ್ಕೆ ಬಡಿಯಿತು" ಎಂದು ಸುಳ್ಳು ಹೇಳಬೇಡಿ. ಯಾವಾಗ ಏಟು ಬಿತ್ತು ಎಂಬುದು ತಿಳಿದರೆ ಅವರ ಪರೀಕ್ಷೆಯ ದಾರಿ ಸರಿಯಾಗುತ್ತದೆ. ಚೀಟಿಯಲ್ಲಿ ಅದು ಬರೆದಿದ್ದರೆ ನಾಳೆ ಕೋರ್ಟಿನಲ್ಲೂ ನಿಮಗೆ ಆಧಾರವಾಗುತ್ತದೆ.

ಎರಡನೆಯ ಸಲ ಹೋದಾಗ ನಾನು ಸರಿಯಾದ ಶಬ್ದ ಬಳಸಿದೆ. ಮಹಿಳಾ ಡಾಕ್ಟರು ಎರಡೂ ಮೊಲೆ, ಕಂಕುಳು ಮುಟ್ಟಿ ನೋಡಿದರು. ತೊಟ್ಟಿನ ಯಾವ ತೂತಿನಿಂದ ಬರುತ್ತದೆಂದು ಒತ್ತಿ ಗುರುತು ಮಾಡಿಕೊಂಡರು. ಸ್ಕ್ಯಾನಿಂಗ್ ಆಯಿತು. 40 ದಾಟಿದವಳೆಂದು ಮ್ಯಾಮೊಗ್ರಾಂ ಎಂಬ ಎಕ್ಸ್‌ರೇ ಆಯಿತು. ಅದರಲ್ಲಿ ಮೊಲೆಯನ್ನು ಎರಡು ಹಲಗೆಯ ನಡುವೆ ಒತ್ತುತ್ತಾರೆ, ಒಂದೆರಡು ನಿಮಿಷ ನೋವಾಗುತ್ತದೆ, ಅಷ್ಟೆ. ಎಲ್ಲವೂ ಚೆನ್ನಾಗಿಯೇ ಇದೆ ಎಂದು ಬಂದರೂ ರಕ್ತ ನಿಲ್ಲದಿದ್ದರೆ ನಾಳ ತೆಗೆದು ಪರೀಕ್ಷೆಗೆ ಕಳಿಸುವುದು ವಾಡಿಕೆ. ಅಂದರೆ ಈ ಆಪರೇಷನ್ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ರೋಗ ಹೋಯಿತೆಂದು ನಂಬಿ, ಪರೀಕ್ಷೆಯ ವರದಿ ತರುವ ಗೋಜಿಗೇ ಹೋಗದವರಿದ್ದಾರೆ.

ಆಪರೇಷನ್ ಹೇಗಿರುತ್ತದೆ? ಹಿಂದಿನ ಕೆಲವು ದಿನ ತೊಟ್ಟನ್ನು ಹಿಂಡಬಾರದು. ದ್ರವ ಉಳಿದಿದ್ದರೆ ಯಾವ ನಾಳವೆಂದು ಡಾಕ್ಟರಿಗೆ ಸುಲಭವಾಗಿ ಸಿಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಬಸುರಿನ ಅನುಮಾನ, ಏನಿದ್ದರೂ ಹೇಳಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಅದನ್ನೂ ಮುಚ್ಚಿಡಬಾರದು. ಸಾಮಾನ್ಯವಾಗಿ ಪೂರ್ತಿ ಮತ್ತು ಬರಿಸಿ ಮಾಡುತ್ತಾರೆ, ಹಾಗಾಗಿ ಆರು ತಾಸು ಮೊದಲಿನಿಂದ ಊಟವಿಲ್ಲ. ತೊಟ್ಟಿನ ಸುತ್ತ ಕಪ್ಪು ವೃತ್ತವಿದೆಯಲ್ಲ, ಅದರ ಅಂಚಿನಲ್ಲಿ ಅರ್ಧಚಂದ್ರದಂತೆ ಸೀಳುತ್ತಾರೆ. ಒಸರುವ ತೂತಿನೊಳಗೆ ಸೂಜಿಯಷ್ಟು ಸಪೂರದ ಕಡ್ಡಿ ತೂರಿಸಿ, ಅದರ ಜಾಡಿನಲ್ಲಿ ಆ ನಾಳವನ್ನೂ ಸುತ್ತಲಿನ ಸ್ವಲ್ಪ ಮಾಂಸವನ್ನೂ ಬಿಡಿಸಿ ತೆಗೆಯುತ್ತಾರೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹೊಲಿಗೆ ಹೆಚ್ಚಾಗಿ ತಾನೇ ಕರಗುವಂಥದು. ಅದೇ ಸಂಜೆ ಅಥವಾ ಮಾರನೆಯ ದಿನ ಮನೆ.

ನೋವು ನಾನು ಹೆದರಿದಷ್ಟು ಇರಲಿಲ್ಲ. ಪ್ಯಾರಾಸಿಟಮಾಲ್ ಸಾಕಾಯಿತು. ಸುತ್ತ ನೇರಳೆ ಹಣ್ಣಿನ ಬಣ್ಣ ಬಂದು ಎರಡು ವಾರದಲ್ಲಿ ಇಳಿಯಿತು. ಮೊದಲ ಕೆಲವು ದಿನ ಹಗಲೂ ರಾತ್ರಿ ಬಿಗಿಯಾದ ಬ್ರಾ ಹಾಕಿಕೊಂಡರೆ ಮೊಲೆ ಅಲುಗದೆ ಆರಾಮವಾಗಿರುತ್ತದೆ. ಮುಂದೆ ಗುಂಡಿಯಿರುವ ರವಿಕೆ ಇದಕ್ಕೆಂದೇ ಮಾಡಿದಂತಿದೆ, ಕೈ ಎತ್ತಬೇಕಾಗಿಲ್ಲ. ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಬಂದರೆ, ಮೊಲೆ ಏಕಾಏಕಿ ಗಟ್ಟಿಯಾಗಿ ಉಬ್ಬಿದರೆ ಮುಂದಿನ ತಾರೀಕಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೀರು ಹೊರುವುದು, ಸೌದೆ, ಕಾಫಿ ಮೂಟೆ, ಇವಕ್ಕೆ ಕನಿಷ್ಠ ಎರಡು ವಾರ ರಜೆ. ಮೇಜಿನ ಮುಂದೆ ಕೂರುವವರಿಗೆ ಒಂದು ವಾರ ಸಾಕೆನ್ನುತ್ತಾರೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೈ ಮೇಲೆತ್ತಿ ರೆಕ್ಕೆ ಬಗ್ಗಿಸಿ ಹಣ್ಣು ಕುಯ್ಯುವವಳಿಗೆ ಅದೇ ಲೆಕ್ಕ ಸಾಲದು. "ನಾನು ಮಾಡುವ ಕೆಲಸ ಇಂಥದು" ಎಂದು ಡಾಕ್ಟರಿಗೆ ಕೈಯೆತ್ತಿ ತೋರಿಸಿಯೇ ಕೇಳಿ, ರಜೆಯ ಚೀಟಿಯನ್ನು ಬರೆಸಿಕೊಳ್ಳಿ. ಗಾಯ ಮಾಯುವ ತನಕ ರಾತ್ರಿಯಲ್ಲಿ ಗಂಡನೂ ದೂರವಿರಬೇಕು. ಇದನ್ನು ಡಾಕ್ಟರ ಬಾಯಿಂದಲೇ ಅವನಿಗೆ ಹೇಳಿಸಿದರೆ ಒಳ್ಳೆಯದು. ನಾವು ಹೇಳಿದರೆ ನೆಪ ಎನ್ನುತ್ತಾರೆ.

ಉಳಿಯುವ ಬದಲಾವಣೆಗಳೂ ಇವೆ. ತೊಟ್ಟು ಸ್ವಲ್ಪ ಒಳಕ್ಕೆ ಎಳೆದುಕೊಳ್ಳಬಹುದು. ಸಣ್ಣ ಗುಳಿ ಉಳಿಯಬಹುದು. ತೊಟ್ಟಿನ ಸ್ಪರ್ಶ ಕೆಲವು ತಿಂಗಳು ಮರಗಟ್ಟಿದ ಹಾಗಿರಬಹುದು, ಕೆಲವರಿಗೆ ಅದು ಪೂರ್ತಿ ಮರಳುವುದೇ ಇಲ್ಲ. ಬಹಳ ಅಪರೂಪಕ್ಕೆ ತೊಟ್ಟಿನ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಉದುರುವುದುಂಟು. ಇನ್ನೊಂದು ನಾಳದಲ್ಲಿ ಮತ್ತೆ ಒಸರಲು ಶುರುವಾಗುವುದೂ ಉಂಟು. ಸ್ಪರ್ಶ ಹೋಗಬಹುದೆಂಬ ಮಾತನ್ನು ಡಾಕ್ಟರು ನನ್ನ ಗಂಡನ ಮುಖ ನೋಡಿಕೊಂಡು ಹೇಳಿದರು. ನಷ್ಟ ಅವರದೇನೋ ಎಂಬಂತೆ! ಮರಗಟ್ಟಿದ್ದು ನನ್ನ ಮೈ ತಾನೆ?

ಈಗ ಆ ಕಾಲುವೆಯ ಮಾತಿಗೆ ಬರುತ್ತೇನೆ. ಈ ಆಪರೇಷನ್ನಿನಲ್ಲಿ ಎರಡು ಬಗೆಯಿದೆ. ಒಸರುವ ಒಂದೇ ನಾಳವನ್ನು ತೆಗೆಯುವುದು ಒಂದು. ತೊಟ್ಟಿನ ಹಿಂದಿನ ಎಲ್ಲ ನಾಳಗಳನ್ನೂ ತೆಗೆಯುವುದು ಇನ್ನೊಂದು. ಒಂದೇ ತೆಗೆದರೆ ಮುಂದೆ ಮಗುವಾದಾಗ ಆ ಮೊಲೆಯಲ್ಲೂ ಉಳಿದ ನಾಳಗಳಿಂದ ಹಾಲು ಬರಲು ಅವಕಾಶವಿದೆ, ಸ್ವಲ್ಪ ಕಡಿಮೆಯಾಗಬಹುದು. ಎಲ್ಲವನ್ನೂ ತೆಗೆದರೆ ಆ ಕಡೆಯಿಂದ ಮಗುವಿಗೆ ಹಾಲು ಕೊಡಲಾಗುವುದಿಲ್ಲ. ಇನ್ನೊಂದು ಮೊಲೆಯಿಂದ ಕೊಡಬಹುದು, ಒಂದೇ ಮೊಲೆಯ ಹಾಲಿನಲ್ಲಿ ಮಗು ಚೆನ್ನಾಗಿಯೇ ಬೆಳೆಯುತ್ತದೆ. ಹೆರುವ ವಯಸ್ಸಿನವಳಿಗೆ ಸಾಮಾನ್ಯವಾಗಿ ಮೊದಲನೆಯದು. ಮಕ್ಕಳ ಲೆಕ್ಕ ಮುಗಿದವಳಿಗೆ, ಹಲವು ನಾಳಗಳಿಂದ ಒಸರುತ್ತಿದ್ದರೆ, ಎರಡನೆಯದು. ಅಂದರೆ ಡಾಕ್ಟರ ನಿರ್ಧಾರ ಒಂದು ಪ್ರಶ್ನೆಯ ಮೇಲೆ ನಿಂತಿದೆ: ನಿನಗೆ ಇನ್ನು ಮಗು ಬೇಕೆ, ಹಾಲು ಕೊಡಬೇಕೆ? ಈ ಪ್ರಶ್ನೆಗೆ ಆ ಹೆಣ್ಣನ್ನು ಬಿಟ್ಟು ಬೇರೆ ಯಾರು ಉತ್ತರ ಕೊಡಲು ಸಾಧ್ಯ?

ಸಾಧ್ಯ ಎಂದು ತೋರಿಸಿಕೊಟ್ಟವರಿದ್ದಾರೆ. ನಮ್ಮ ಸಂಘದ ಒಬ್ಬ ತಂಗಿಯ ವಿಷಯ ಹೇಳುತ್ತೇನೆ, ಅವಳೇ ಬರೆಯಿರಿ ಎಂದಿದ್ದಾಳೆ, ಹೆಸರು ಮಾತ್ರ ಬೇಡ ಎಂದಿದ್ದಾಳೆ. 26 ವರ್ಷ, ಮೂರು ವರ್ಷದ ಹೆಣ್ಣು ಮಗು. ನನ್ನ ಹಾಗೆಯೇ ಒಂದು ಕಡೆ ರಕ್ತ. ಅತ್ತೆ ಹೇಳಿದ್ದು, "ಗಂಡು ಮಗುವೊಂದು ಆಗಿಬಿಡಲಿ, ಆಮೇಲೆ ಕೊಯ್ಸು. ಹಾಲಿಲ್ಲದ ಮೊಲೆಗೆ ಮಗು ಕೊಟ್ಟು ಏನು ಮಾಡುವುದು?" ಗಂಡ ಹೇಳಿದ್ದು ಇನ್ನೂ ಚೆಂದ. "ಮದುವೆಯಲ್ಲಿ ನಿಮ್ಮಪ್ಪ ಬಾಕಿ ಉಳಿಸಿದ್ದು ಇದೆಯಲ್ಲ, ಅದರಲ್ಲಿ ಮಾಡಿಸಿಕೊಂಡು ಬಾ." ಹೀಗೆ ಎಂಟು ತಿಂಗಳು ಕಳೆಯಿತು. ಕೊನೆಗೆ ಅವಳನ್ನು ಮಗುವಿನ ಸಮೇತ ತವರಿಗೆ ಬಿಟ್ಟು "ಗುಣ ಮಾಡಿಸಿ ಕಳಿಸಿ" ಎಂದು ಹೇಳಿ ಹೋದರು, ಕೆಟ್ಟುಹೋದ ಮಿಕ್ಸಿಯನ್ನು ಗ್ಯಾರಂಟಿ ಇರುವ ಅಂಗಡಿಗೆ ವಾಪಸು ಕೊಟ್ಟ ಹಾಗೆ.

ಇದನ್ನು ವರದಕ್ಷಿಣೆ ಅನ್ನದೆ ಬೇರೆ ಏನೆನ್ನಬೇಕು? ಕಾನೂನು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡಿಲ್ಲ ಎಂಬುದೂ ನಮಗೆ ಗೊತ್ತಿರಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ಯಾವಾಗ ಕೇಳಿದರೂ ವರದಕ್ಷಿಣೆಯೇ ಎನ್ನುತ್ತದೆ, ಆದರೆ ಅದು ಮದುವೆಯ ಸಂಬಂಧವಾಗಿ ಕೇಳಿದ್ದಾಗಿರಬೇಕು. 2007ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ಮನೆ ಖರ್ಚಿಗೆ, ಗೊಬ್ಬರ ಕೊಳ್ಳಲು ಎಂದು ಕೇಳಿದ ಹಣ ವರದಕ್ಷಿಣೆಯಾಗದು ಎಂದು ಸುಪ್ರೀಂ ಕೋರ್ಟು ಹೇಳಿತ್ತು. 2022ರ ಜನವರಿಯಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ಕೋರ್ಟು, ಮನೆ ಕಟ್ಟಲು ತವರಿನಿಂದ ಕೇಳಿದ ಹಣವೂ ವರದಕ್ಷಿಣೆಯೇ, ಆ ಶಬ್ದಕ್ಕೆ ವಿಶಾಲ ಅರ್ಥ ಕೊಡಬೇಕು ಎಂದಿತು. ಆಪರೇಷನ್ ಖರ್ಚಿನ ಹೆಸರಲ್ಲಿ ಕೇಳಿದ್ದಕ್ಕೆ ವಕೀಲರು ಹೀಗೂ ವಾದಿಸಬಹುದು, ಹಾಗೂ ವಾದಿಸಬಹುದು. "ಬಾಕಿ" ಎಂಬ ಆ ಒಂದು ಶಬ್ದ ಮಾತ್ರ ಎಲ್ಲವನ್ನೂ ಬಯಲು ಮಾಡುತ್ತದೆ. ಯಾರ ಮುಂದೆ, ಯಾವ ದಿನ ಆ ಮಾತು ಆಡಿದರು ಎಂದು ನಾವು ಸಂಘದ ಪುಸ್ತಕದಲ್ಲಿ ಬರೆದಿಟ್ಟೆವು.

ಅದಕ್ಕಿಂತ ನೇರವಾದ ದಾರಿ 2005ರ ಕೌಟುಂಬಿಕ ಹಿಂಸೆ ಕಾಯ್ದೆ. 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊಡೆದರೆ ಮಾತ್ರ ಹಿಂಸೆಯಲ್ಲ, ಹೆಂಗಸಿನ ಆರೋಗ್ಯಕ್ಕೆ ಅಪಾಯ ತರುವ ನಡತೆಯೂ ಹಿಂಸೆ, ಬೇಕಾದ ಹಣಕಾಸನ್ನು ತಡೆಹಿಡಿಯುವುದೂ ಹಿಂಸೆ ಎಂದು ಅದರಲ್ಲಿದೆ. ಚಿಕಿತ್ಸೆಯ ಖರ್ಚನ್ನು ಗಂಡನಿಂದ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ರೋಗ ಬಂತೆಂದು ಮನೆಯಿಂದ ಹೊರಗೆ ಹಾಕಿದವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕೂ ಇದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಅರ್ಜಿ ಬರೆದುಕೊಳ್ಳುವ ರಕ್ಷಣಾಧಿಕಾರಿ ಸಿಡಿಪಿಒ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾಳೆ. 181ಕ್ಕೆ ಫೋನು ಮಾಡಿದರೂ ಆಗುತ್ತದೆ.

ಹಣದ ಮಾತು ಬಂದಾಗ ಇನ್ನೊಂದು ಚಿಕ್ಕ ವಸ್ತುವಿನ ಬಗ್ಗೆ ಹೇಳಬೇಕು: ರೇಷನ್ ಕಾರ್ಡು. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆಗೆ ಬರೆದುಕೊಡುತ್ತಾರೆ. ನಮಗೆ ಹತ್ತಿರದ್ದು ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಮುಂದಿನ ಪರೀಕ್ಷೆ ಬೇಕೆಂದರೆ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆ, ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಎಲ್ಲ ಸರಿ, ಆದರೆ ಆ ಕಾರ್ಡು ಎಲ್ಲಿದೆ? 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಎಂದಿತು. ಒಳ್ಳೆಯ ಕಾನೂನೇ. ನಮ್ಮ ತಂಗಿಯ ಹೆಸರಿರುವ ಕಾರ್ಡು ಮಾತ್ರ ಅತ್ತೆಯ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ತವರಿನ ಕಾರ್ಡಿನಿಂದ ಮದುವೆಯ ಮಾರನೇ ತಿಂಗಳೇ ಹೆಸರು ತೆಗೆಸಿದ್ದರು. ಕೊನೆಗೆ ಸಂಘದ ನಾಲ್ಕು ಜನ ಹೋಗಿ, ನ್ಯಾಯಬೆಲೆ ಅಂಗಡಿಯವರನ್ನೂ ಮಾತಾಡಿಸಿ, ಕಾರ್ಡಿನ ಜೆರಾಕ್ಸ್ ತಂದೆವು. ಅತ್ತೆಯ ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿಯೊಬ್ಬ ಸೊಸೆಯ ಹತ್ತಿರವೂ ಆ ಕಾರ್ಡಿನ ನಂಬರು, ತನ್ನ ಆಧಾರ್ ಪ್ರತಿ ಇರಬೇಕು ಎಂದು ಆ ದಿನ ನಮಗೆ ಗೊತ್ತಾಯಿತು.

ಇನ್ನು ಸಹಿ. ನನ್ನ ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸ್ ಬಂದು "ಯಜಮಾನರು ಎಲ್ಲಿ? ಸೈನ್ ಬೇಕು" ಎಂದರು. ಅವರು ಕಾಫಿ ಕುಡಿಯಲು ಹೋಗಿದ್ದರು. ನಾನು ಸಹಿ ಮಾಡುತ್ತೇನೆ ಎಂದೆ. "ನಿಮ್ಮದು ಬೇಡಮ್ಮ, ಅವರದು ಬೇಕು" ಎಂದರು. 47 ವರ್ಷದವಳು, ಸಂಘದ ಬ್ಯಾಂಕ್ ಖಾತೆಗೆ ಸಹಿ ಮಾಡುವವಳು, ನನ್ನ ಮೈಗೆ ನನ್ನ ಸಹಿ ನಡೆಯುವುದಿಲ್ಲವಂತೆ. ಆಗ ಸುಮ್ಮನಾದೆ. ಖಾಲಿ ಹೊಟ್ಟೆಯಲ್ಲಿ ಹಸಿರು ಗೌನು ಹಾಕಿಕೊಂಡು ಜಗಳವಾಡುವ ಶಕ್ತಿ ಯಾರಿಗಿರುತ್ತದೆ?

ಆದರೆ ಕಾನೂನು ಹಾಗಿಲ್ಲ. 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿನ ಆಪರೇಷನ್ನಿಗೆ ಒಪ್ಪಿಗೆ ಅವಳದೇ. ಗಂಡನ ಸಹಿ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸಮೀರಾ ಕೊಹ್ಲಿ ಎಂಬ ದೆಹಲಿಯ ಹೆಂಗಸಿನ ಪ್ರಕರಣ ಇದಕ್ಕೆ ಆಧಾರ. 1995ರಲ್ಲಿ, 44ನೆಯ ವಯಸ್ಸಿನಲ್ಲಿ, ಅವರು ಹೊಟ್ಟೆಯೊಳಗೆ ಕೊಳವೆ ಹಾಕಿ ನೋಡುವ ಪರೀಕ್ಷೆಗೆಂದು ಮತ್ತು ತೆಗೆದುಕೊಂಡು ಮಲಗಿದ್ದರು. ಮತ್ತಿನಲ್ಲಿರುವಾಗಲೇ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದರು. 2008ರ ಜನವರಿ 16ರಂದು ಸುಪ್ರೀಂ ಕೋರ್ಟು, ಜೀವಕ್ಕೆ ಅಪಾಯವಿಲ್ಲದಿದ್ದಾಗ ರೋಗಿ ಎಚ್ಚರಾಗುವವರೆಗೆ ಕಾಯಬೇಕಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟದ್ದಾಗುವುದಿಲ್ಲ ಎಂದಿತು. 13 ವರ್ಷದ ನಂತರ ಕೊಡಿಸಿದ ಪರಿಹಾರ 25,000 ರೂಪಾಯಿ. ಅದರ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ತಾಯಿಯದೇ ನಡೆಯದಿದ್ದ ಮೇಲೆ ಗಂಡನದು ನಡೆಯುತ್ತದೆಯೆ?

ಆಸ್ಪತ್ರೆಯವರ ಕಷ್ಟವೂ ಇದೆ. ಏನಾದರೂ ಹೆಚ್ಚುಕಡಿಮೆಯಾದರೆ ಗಲಾಟೆಗೆ ಬರುವವರು ಗಂಡನ ಮನೆಯವರೇ, ಅದಕ್ಕೆ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಜೊತೆಗೆ ಒಬ್ಬರು ಇರಲಿ ಎನ್ನುವುದು ಸರಿಯೇ, ಮತ್ತು ಇಳಿಯುವಾಗ ಯಾರಾದರೂ ಬೇಕಲ್ಲ. ಗಂಡ ಬಂದರೆ ಸಂತೋಷ, ಸಾಕ್ಷಿಯಾಗಿ ಸಹಿ ಹಾಕಲಿ. ಆದರೆ ಸಾಕ್ಷಿ ಬೇರೆ, ಒಪ್ಪಿಗೆ ಬೇರೆ. ಅವನು ಮುನಿಸಿಕೊಂಡು ಬರದಿದ್ದರೆ ಆಪರೇಷನ್ ನಿಲ್ಲಬಾರದು. ತಂಗಿಯೋ ಸಂಘದ ಗೆಳತಿಯೋ ಜೊತೆಗಿದ್ದರೆ ಸಾಕು.

ಸಹಿ ಮಾಡುವ ಕಾಗದದಲ್ಲಿ ಏನು ಬರೆದಿದೆ ಎಂದು ಕನ್ನಡದಲ್ಲಿ ಓದಿಸಿಕೊಳ್ಳಿ. ಯಾವ ಕಡೆಯ ಮೊಲೆ? ಒಂದು ನಾಳವೋ ಎಲ್ಲವೋ? "ಅಗತ್ಯ ಬಿದ್ದರೆ ಮುಂದಿನ ಆಪರೇಷನ್ನಿಗೂ ಒಪ್ಪಿದ್ದೇನೆ" ಎಂಬ ಸಾಲಿದೆಯೆ? ಇದ್ದರೆ, ಮುಂದಿನದು ಎಂದರೆ ಏನು? ಒಳಗೆ ಬೇರೇನಾದರೂ ಕಂಡರೆ ನನ್ನನ್ನು ಎಬ್ಬಿಸಿ, ವರದಿ ತೋರಿಸಿ, ಆಮೇಲೆ ಮಾತಾಡಿ ಎಂದು ಹೇಳುವ ಹಕ್ಕು ನಮಗಿದೆ. ಡಾಕ್ಟರನ್ನು ಅನುಮಾನಿಸಿ ಅಂತಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಂಗಸರಿಗೆ ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದದ್ದಕ್ಕೆ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶವನ್ನೇ ತೆಗೆದ ವಿಷಯ 2015ರಲ್ಲಿ ಹೊರಬಂದದ್ದು ನಮಗೆ ಮರೆತಿಲ್ಲ. "ತೆಗೆಸಿಬಿಡು, ರಗಳೆ ಹೋಗುತ್ತೆ" ಎಂಬ ಮಾತು ಹೆಣ್ಣಿನ ಮೈಯ ವಿಷಯದಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ!

ಕೊನೆಯದು ವರದಿ. ತೆಗೆದ ನಾಳವನ್ನು ಪರೀಕ್ಷೆ ಮಾಡಿ ಒಂದೆರಡು ವಾರದಲ್ಲಿ ಹೇಳುತ್ತಾರೆ. ಬರೀ ಪ್ಯಾಪಿಲೋಮ ಅಥವಾ ಹಿಗ್ಗಿದ ನಾಳ ಎಂದಿದ್ದರೆ ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಜೀವಕೋಶಗಳು ಸಹಜವಾಗಿಲ್ಲ ಎಂದಿದ್ದರೆ ಆಗಾಗ ಹೋಗಿ ತೋರಿಸುತ್ತಿರಬೇಕು. ಕ್ಯಾನ್ಸರ್ ಎಂದಿದ್ದರೆ ಮುಂದಿನ ಚಿಕಿತ್ಸೆ ಇದೆ, ಮತ್ತು ನಾಳದೊಳಗೇ ಇರುವಾಗ ಸಿಕ್ಕಿದ್ದು ವಾಸಿಯಾಗುವ ಸಂಭವ ಬಹಳ ಹೆಚ್ಚು. ನನ್ನ ವರದಿಯನ್ನು ನನ್ನ ಮಗನ ಕೈಗೆ ಕೊಟ್ಟಿದ್ದರು. ಅಮ್ಮನಿಗೆ ಗಾಬರಿಯಾದೀತೆಂದು ಅವನು ಹತ್ತು ದಿನ ಮುಚ್ಚಿಟ್ಟಿದ್ದ. ವರದಿಯಲ್ಲಿ ಗಾಬರಿಯಾಗುವಂಥದು ಏನೂ ಇರಲಿಲ್ಲ. ಇಂಗ್ಲಿಷಿನಲ್ಲಿತ್ತು, ಅವನಿಗೂ ಅರ್ಥವಾಗಿರಲಿಲ್ಲ, ಅಷ್ಟೆ! ಆ ಹತ್ತು ರಾತ್ರಿ ಎಚ್ಚರವಾಗಿ ಮಾಡು ನೋಡುತ್ತಾ ಮಲಗಿದವಳು ನಾನು.

ನಮ್ಮ ತಂಗಿಯ ಜೊತೆ ಆಸ್ಪತ್ರೆಗೆ ಇಬ್ಬರು ಹೋಗಿದ್ದೆವು. ಡಾಕ್ಟರು ನಮ್ಮನ್ನು ಹೊರಗೆ ಕಳಿಸಿ ಅವಳನ್ನೇ ಕೇಳಿದರಂತೆ, ಇನ್ನೊಂದು ಮಗು ಬೇಕೇ ಎಂದು. "ಗೊತ್ತಿಲ್ಲ, ಆದರೆ ಆ ದಾರಿ ಮುಚ್ಚಬೇಡಿ" ಎಂದಳಂತೆ. ಒಂದೇ ನಾಳ ತೆಗೆದರು. ಕಾಗದಕ್ಕೆ ಅವಳೇ ಸಹಿ ಮಾಡಿದಳು, ಸಾಕ್ಷಿ ನಾನು. ವರದಿಯಲ್ಲಿ ಪ್ಯಾಪಿಲೋಮ ಎಂದು ಬಂತು. ಗಂಡನ ಮನೆಯಿಂದ ಇನ್ನೂ ಕರೆ ಬಂದಿಲ್ಲ. ಸಿಡಿಪಿಒ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾಳೆ, ವಾಪಸು ಹೋಗಬೇಕೋ ಬೇಡವೋ ಎಂದು ಅವಳೇ ಇನ್ನೂ ನಿಶ್ಚಯಿಸಿಲ್ಲ, ನಾವೂ ಒತ್ತಾಯ ಮಾಡುತ್ತಿಲ್ಲ. ಹೋದ ತಿಂಗಳ ಸಭೆಗೆ ಬಂದಿದ್ದಳು. ವರದಿಯ ಒಂದು ಜೆರಾಕ್ಸ್ ಸಂಘದ ಕಡತದಲ್ಲಿ ಇಟ್ಟುಕೊಳ್ಳಿ ಎಂದು ಕೊಟ್ಟಳು. ಮೂಲ ಪ್ರತಿ ಎಲ್ಲಿ ಎಂದು ಕೇಳಿದ್ದಕ್ಕೆ, ತವರಿನ ಟ್ರಂಕಿನಲ್ಲಿ ಎಂದು ಹೇಳಿ, ಕೊರಳ ಸರದಲ್ಲಿ ಕಟ್ಟಿಕೊಂಡಿದ್ದ ಬೀಗದ ಕೈ ತೋರಿಸಿದಳು.